ಹಕ್ಕಿ ಹಬ್ಬದಲ್ಲಿ ಊರಿನವರ ಕೈಗೂ ಮೈಕ್ ಕೊಡಿ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ ನಮಸ್ಕಾರ.

ಸರ್, ನಾನು ಮದ್ದೂರು ಕಡೆಯವನು. ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಕೆರೆ, ತೋಪು ಅಂತ ಅಲೆಯಲು ಶುರು ಮಾಡಿ ಹದಿನೈದು ವರ್ಷವಾಯಿತು. ನಿಮ್ಮ ಅರಣ್ಯ ಇಲಾಖೆ ನಡೆಸುವ ನಮ್ಮ ರಾಜ್ಯದ ಹಕ್ಕಿ ಹಬ್ಬ ಅಂದರೆ ನನಗೆ ನಿಜಕ್ಕೂ ಹಬ್ಬವೇ. ರಂಗನತಿಟ್ಟು, ದಾಂಡೇಲಿ, ಬಿಳಿಗಿರಿರಂಗನ ಬೆಟ್ಟ, ಹೀಗೆ ಬೇರೆ ಬೇರೆ ಕಡೆ ಅದನ್ನು ಮಾಡುತ್ತಾ ಬಂದಿರುವುದು ತುಂಬಾ ಒಳ್ಳೆಯ ಕೆಲಸ. ಆದರೆ ಒಂದು ಮಾತು ಬಹಳ ದಿನದಿಂದ ಮನಸ್ಸಿನಲ್ಲಿದೆ. ಮುಂದಿನ ಸಲ ಭಾಷಣಕ್ಕೆ ಯಾರನ್ನು ಕರೆಯಬೇಕು ಅಂತ ಪಟ್ಟಿ ಮಾಡುವಾಗ, ಹಕ್ಕಿಗಳ ಜೊತೆಯಲ್ಲೇ ಬದುಕುವ ಊರಿನವರನ್ನೂ ತಜ್ಞರು ಅಂತಲೇ ಕರೆಯಿರಿ. ಶಾಲು ಹೊದಿಸಿ ಕಳಿಸಬೇಡಿ, ಮಾತಾಡಲು ಬಿಡಿ.

ಯಾಕೆ ಹೇಳುತ್ತಿದ್ದೇನೆ ಅಂದರೆ, ಕೆಲವು ವರ್ಷದ ಹಿಂದೆ ಒಂದು ಹಕ್ಕಿ ಕಾರ್ಯಕ್ರಮಕ್ಕೆ ನಮ್ಮ ಕಡೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿದ್ದೆ. ಯಾರು ಮಾಡಿದ್ದು ಅನ್ನುವುದು ಇಲ್ಲಿ ಬೇಡ. ಆ ಹಿರಿಯರ ಹಿತ್ತಲ ಹುಣಸೆ ಮರದಲ್ಲಿ ಅವರ ತಾತನ ಕಾಲದಿಂದಲೂ ಕೊಕ್ಕರೆಗಳು ಗೂಡು ಕಟ್ಟುತ್ತಿವೆ. ವೇದಿಕೆಗೆ ಕರೆದರು, ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಫೋಟೊ. ಅಷ್ಟೇ. ಆಮೇಲೆ ಹಿಂದಿನ ಸಾಲಿನಲ್ಲಿ ಕೂರಿಸಿದರು. ಲೈಟು ಆರಿಸಿ ಇಂಗ್ಲಿಷಿನಲ್ಲಿ ಭಾಷಣ ಶುರುವಾಯಿತು. ಪರದೆಯ ಮೇಲೆ ಬಣ್ಣದ ಕೊಕ್ಕರೆಯೊಂದು ಗೂಡಿನ ಮೇಲೆ ರೆಕ್ಕೆ ಬಿಚ್ಚಿಕೊಂಡು ನಿಂತ ಚಿತ್ರ ಬಂತು. ಅವರು ನನ್ನ ಕಿವಿಗೆ ಬಗ್ಗಿದರು. "ಮರಿಗೆ ನೆರಳು ಮಾಡ್ಕೊಂಡು ನಿಂತದೆ ಕಣಪ್ಪ. ಮಟಮಟ ಮಧ್ಯಾಹ್ನ ಹಿಂಗೇ ನಿಂತಿರ್ತದೆ. ಅವಾಗ ನಾವು ಮರದ ಕೆಳಗೆ ಸದ್ದು ಮಾಡಕ್ಕಿಲ್ಲ. ತಾಯಿ ಗಾಬರಿ ಬಿದ್ದು ಎದ್ದರೆ ಮರಿ ಬಿಸಿಲಿಗೆ ಒದ್ದಾಡ್ತದೆ, ಉರುಳಿ ಕೆಳಗೆ ಬೀಳ್ತದೆ." ಮುಕ್ಕಾಲು ಗಂಟೆ ಹೀಗೇ ಪಿಸುಗುಟ್ಟುತ್ತಾ ಕೂತಿದ್ದರು. ಅವತ್ತು ನಾನು ಕೇಳಿದ ಒಳ್ಳೆಯ ಭಾಷಣ ಅದೇ, ಸರ್. ಕೇಳಿಸಿಕೊಂಡವನು ನಾನೊಬ್ಬನೇ. ನಮ್ಮ ಮುಂದಿನ ಮೂರು ಸಾಲಿನಲ್ಲಿ ಸರ್ಕಾರಿ ಶಾಲೆ ಮಕ್ಕಳಿದ್ದರು, ಪಾಪ, ಅವರಿಗೆ ಪರದೆಯ ಮೇಲಿನದೂ ಅರ್ಥವಾಗಲಿಲ್ಲ, ಇವರ ಮಾತೂ ಕೇಳಿಸಲಿಲ್ಲ.

ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನೇ ನೋಡಿ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಆ ಊರಿನ ಹಕ್ಕಿಗಳನ್ನು ಹೊರಜಗತ್ತಿಗೆ ಪರಿಚಯ ಮಾಡಿಸಿದರು, ಅವರ ಋಣ ದೊಡ್ಡದು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೂ ಆಯಿತು. ಆದರೆ ಅದಕ್ಕೂ ಎಷ್ಟೋ ಮುಂಚಿನಿಂದ ಊರಿನವರೇ ಕಾಪಾಡಿಕೊಂಡು ಬಂದಿದ್ದಾರೆ. ಪ್ಲೇಗ್ ಬಂದಾಗ ಊರು ಶಿಂಷಾ ದಡದಿಂದ ಈಗಿನ ಜಾಗಕ್ಕೆ ಬಂತಂತೆ, ಹಕ್ಕಿಗಳೂ ಹಿಂದೆಯೇ ಬಂದವಂತೆ, ಅಲ್ಲಿನ ಅಜ್ಜಿಯರು ಇದನ್ನು ನಿನ್ನೆ ಮೊನ್ನೆ ನಡೆದಂತೆ ಹೇಳುತ್ತಾರೆ. ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್ ಹಕ್ಕಿಗಳು, ಬಂದರೆ ಮನೆ ಮಗಳು ಬಾಣಂತನಕ್ಕೆ ತವರಿಗೆ ಬಂದಂತೆ ಅನ್ನುತ್ತಾರೆ. ಸುಮ್ನೆ ಮಾತಿಗೆ ಹೇಳುವುದಲ್ಲ ಅದು. ಗೂಡಿರುವ ಮರದ ಹುಣಸೆಹಣ್ಣು ಬಿಡಿಸುವುದಿಲ್ಲ. ಮೀನಿನ ವಾಸನೆ, ಅಂಗಳದ ತುಂಬಾ ಬಿಳಿ ಹಿಕ್ಕೆ, ಎಲ್ಲ ಸಹಿಸಿಕೊಳ್ಳುತ್ತಾರೆ. ಅದೇ ಹಿಕ್ಕೆಯನ್ನು ಗೊಬ್ಬರ ಮಾಡಿ ಹೊಲಕ್ಕೆ ಹಾಕುತ್ತಾರೆ. ಕೆಳಗೆ ಬಿದ್ದ ಮರಿಗೆ ಮೀನು ತಿನ್ನಿಸಿ ಸಾಕುವ ಹೆಜ್ಜಾರ್ಲೆ ಬಳಗದವರು ಇದ್ದಾರೆ. ಮರಿಗೆ ಯಾವ ಗಾತ್ರದ ಮೀನು, ದಿನಕ್ಕೆ ಎಷ್ಟು ಸಲ, ಎಷ್ಟು ಬಲಿತ ಮೇಲೆ ಹೊರಗೆ ಬಿಡಬೇಕು ಅನ್ನುವುದೆಲ್ಲ ಕೈಯಾರೆ ಮಾಡಿ ಕಲಿತವರ ವಿದ್ಯೆ ಅಲ್ವಾ?

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ 2024ರಲ್ಲಿ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿತು. ವಿಜಯನಗರ ಜಿಲ್ಲೆಯ ಅಂಕಸಮುದ್ರಕ್ಕೂ ಆಗಲೇ ಸಿಕ್ಕಿತು. ಮಾಗಡಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಹಗಲು ಕೆರೆಯಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಲ್ಲಿ ಮೇವು. ಮಂಗೋಲಿಯಾದಲ್ಲಿ ಗುರುತಿನ ಕೊರಳಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ, ಅದನ್ನು ಕಂಡುಹಿಡಿದ ವಿಜ್ಞಾನಿಗಳ ಮಾತನ್ನು ನಾನು ಮುಂದಿನ ಸಾಲಿನಲ್ಲೇ ಕೂತು ಕೇಳುತ್ತೇನೆ. ಅವರು ಬೇಕೇ ಬೇಕು. ಆದರೆ ಹಕ್ಕಿ ಎಲ್ಲಿಂದ ಬಂತು ಅಂತ ವಿಜ್ಞಾನಿ ಹೇಳಿದರೆ, ನಿನ್ನೆ ರಾತ್ರಿ ಯಾರ ಹೊಲದಲ್ಲಿ ಮೇಯ್ದಿತು, ಎಷ್ಟು ಬೆಳೆ ಹೋಯಿತು, ಆದರೂ ಯಾಕೆ ಓಡಿಸಲಿಲ್ಲ ಅಂತ ಹೇಳುವವರು ಆ ಊರಿನ ರೈತರು. ಇಬ್ಬರನ್ನೂ ಒಂದೇ ವೇದಿಕೆಯಲ್ಲಿ ಅಕ್ಕಪಕ್ಕ ಕೂರಿಸಿ ಮಾತಾಡಿಸಿ, ಸರ್. ಯಾವ ಹಬ್ಬದಲ್ಲೂ ನನಗೆ ಅಂಥದ್ದು ನೋಡಲು ಸಿಕ್ಕಿಲ್ಲ.

ಇನ್ನೊಂದು ವಿಷಯಕ್ಕೆ ಸಮಯ ಜಾಸ್ತಿ ಇಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಸುತ್ತ ಹಿಂದೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಓಡಾಡುತ್ತಿತ್ತು. ಈಗ ಅಲ್ಲಿ ಇಲ್ಲ. ಹೊಲದ ಬದುವಿನಲ್ಲಿ ಅದು ಎದೆಯುಬ್ಬಿಸಿ ನಡೆಯುವುದನ್ನು ಕಂಡವರಿಗೆ ಈಗ ತುಂಬಾ ವಯಸ್ಸಾಗಿದೆ. ಅವರನ್ನು ಕರೆಸಿ, ಮಾತಾಡಿಸಿ, ರೆಕಾರ್ಡ್ ಮಾಡಿ ಇಟ್ಟುಕೊಳ್ಳದಿದ್ದರೆ ಆಮೇಲೆ ಯಾರನ್ನು ಕೇಳುವುದು?

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ದಿನಕ್ಕೆ ಎರಡು ಗೋಷ್ಠಿಯಾದರೂ ಊರಿನವರಿಗೆ, ಅರಣ್ಯ ಇಲಾಖೆಯ ವಾಚರುಗಳಿಗೆ, ರಂಗನತಿಟ್ಟಿನಲ್ಲಿ ಹುಟ್ಟು ಹಾಕುವ ದೋಣಿಯವರಿಗೆ, ಬಿಳಿಗಿರಿಯ ಸೋಲಿಗರಿಗೆ ಮೀಸಲಿಡಿ. ಹೊರಗಿನಿಂದ ಬರುವ ತಜ್ಞರಿಗೆ ಕೊಡುವಷ್ಟೇ ಗೌರವಧನ ಇವರಿಗೂ ಕೊಡಿ, ಒಂದು ದಿನದ ಕೂಲಿ ಬಿಟ್ಟು ಬರುತ್ತಾರೆ. ಇಂಗ್ಲಿಷ್ ಭಾಷಣ ಇದ್ದರೆ ಪಕ್ಕದಲ್ಲಿ ಕನ್ನಡಕ್ಕೆ ಹೇಳುವವರೊಬ್ಬರು ಇರಲಿ, ಹಕ್ಕಿಯ ಹೆಸರು ಪರದೆಯ ಮೇಲೆ ಕನ್ನಡದಲ್ಲೂ ಬರಲಿ. ವೇದಿಕೆ ಮೇಲೆ ನಿಂತು ಮಾತಾಡಿ ಅಭ್ಯಾಸ ಇಲ್ಲದವರಿಗೆ ಪ್ರಶ್ನೆ ಕೇಳುತ್ತಾ ಮಾತು ಹೊರಡಿಸುವವರು ಬೇಕು. ನಮ್ಮ ಜಿಲ್ಲೆಗಳ ಹಕ್ಕಿ ಬಳಗದ ಹುಡುಗ ಹುಡುಗಿಯರು ಇದನ್ನು ಸಂತೋಷದಿಂದ ಮಾಡುತ್ತಾರೆ.

ಆ ಹಿರಿಯರ ವಿಳಾಸ ಬೇಕಿದ್ದರೆ ನಾನೇ ಬಂದು ಕೊಡುತ್ತೇನೆ. ಈಗ ಅವರಿಗೆ ಮಂಡಿನೋವು, ಬಸ್ಸು ಹತ್ತಲು ಆಗುವುದಿಲ್ಲ. ಕರೆಯುವುದಾದರೆ ದಯವಿಟ್ಟು ಒಂದು ಕಾರು ಕಳಿಸಿ.

ಇಂತಿ,
ಮದ್ದೂರು ಕಡೆಯ ಒಬ್ಬ ಹಕ್ಕಿಪ್ರೇಮಿ