ಉದ್ದ ಕಡಿಮೆಯಾದರೂ ಸರಿ, ದಪ್ಪ ಕಡಿಮೆಯಾಗಬಾರದು

ಮಾನ್ಯ ಸಂಪಾದಕರೇ,

ಮಾರ್ಚ್ 31ರೊಳಗೆ ಬಿಲ್ ಆಗಬೇಕು ಎಂಬ ಒಂದೇ ಕಾರಣಕ್ಕೆ ಫೆಬ್ರುವರಿ ಕೊನೆಯಲ್ಲಿ ಗುದ್ದಲಿ ಪೂಜೆ ಮಾಡಿ, ಮೂರು ವಾರದಲ್ಲಿ ಸಿ.ಸಿ. (ಸಿಮೆಂಟ್ ಕಾಂಕ್ರೀಟ್) ರಸ್ತೆ ಮುಗಿಸುವುದು ನಮ್ಮ ಹಳ್ಳಿಗಳಲ್ಲಿ ವಾಡಿಕೆಯಾಗಿಬಿಟ್ಟಿದೆ. ಅಂಥ ರಸ್ತೆ ಎರಡನೇ ಮಳೆಗಾಲಕ್ಕೆ ಬಿರುಕು ಬಿಟ್ಟಾಗ ಎಲ್ಲರೂ ಗುತ್ತಿಗೆದಾರರನ್ನು ಬೈಯುತ್ತಾರೆ. ಕೆಲವೊಮ್ಮೆ ಅದು ನ್ಯಾಯವೇ. ಆದರೆ ಅನುದಾನ ಇಷ್ಟೇ, ದಿನ ಇಷ್ಟೇ, ರಸ್ತೆ ಮಾತ್ರ ಕೊನೆಯ ಮನೆಯವರೆಗೂ ಬೇಕು ಎಂದು ಮೂರನ್ನೂ ಮೊದಲೇ ಬಿಗಿಮಾಡಿಟ್ಟ ಮೇಲೆ ಸಡಿಲಿಸಲು ಉಳಿಯುವುದು ಗುಣಮಟ್ಟವೊಂದೇ. ಅದು ಯಾವ ಸಭೆಯ ನಡಾವಳಿಯಲ್ಲೂ ದಾಖಲಾಗುವುದಿಲ್ಲ, ಬಾಂಡ್ಲಿಯಿಂದ ಬಾಂಡ್ಲಿಗೆ ಸದ್ದಿಲ್ಲದೆ ಸೋರಿಹೋಗುತ್ತದೆ.

ಒಂದು ಲೆಕ್ಕ ನೋಡಿ. 3 ಮೀಟರ್ ಅಗಲ, 150 ಮಿ.ಮೀ. ದಪ್ಪದ 100 ಮೀಟರ್ ರಸ್ತೆಗೆ 45 ಘನ ಮೀಟರ್ ಕಾಂಕ್ರೀಟ್ ಬೇಕು. ಘನ ಮೀಟರಿಗೆ 7 ಚೀಲ ಹಿಡಿದರೆ 315 ಚೀಲ ಸಿಮೆಂಟ್. ಇದೇ 45 ಘನ ಮೀಟರನ್ನು 120 ಮಿ.ಮೀ. ದಪ್ಪಕ್ಕೆ ಎಳೆದರೆ 125 ಮೀಟರ್ ರಸ್ತೆಯಾಗುತ್ತದೆ. ಇನ್ನೂ ನಾಲ್ಕೈದು ಮನೆಯವರಿಗೆ ಖುಷಿ. ಆದರೆ ಕಾಂಕ್ರೀಟ್ ಹಾಸು ಬಾಗಿ ಮುರಿಯದೆ ತಡೆಯುವ ಶಕ್ತಿ ದಪ್ಪದ ವರ್ಗದ ಲೆಕ್ಕದಲ್ಲಿ ಹೋಗುತ್ತದೆ. ದಪ್ಪ ಶೇ 20 ಕಡಿಮೆಯಾದರೆ ಶಕ್ತಿ ಶೇ 36 ಕಡಿಮೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೇಲರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರೆ, ನಾವು ಹಾಸಿಗೆಯನ್ನೇ ಎಳೆದು ತೆಳುಮಾಡುತ್ತಿದ್ದೇವೆ.

ದಪ್ಪ ಕದಿಯುವುದು ಅಂಚಿನಲ್ಲಲ್ಲ, ನಡುವಿನಲ್ಲಿ. ಕಾಂಕ್ರೀಟ್ ಹರಡದಂತೆ ಎರಡೂ ಪಕ್ಕ ನಿಲ್ಲಿಸುವ ಚಾನೆಲ್ 150 ಮಿ.ಮೀ. ಎತ್ತರವೇ ಇರುತ್ತದೆ, ನಡುವೆ ತಳವನ್ನು ಉಬ್ಬಿಸಿರುತ್ತಾರೆ. ಕಾಂಕ್ರೀಟ್ ಹಾಕುವ ಮುಂಚೆ ಎರಡೂ ಚಾನೆಲ್‌ಗಳ ಮೇಲೆ ಅಡ್ಡಲಾಗಿ ದಾರ ಎಳೆದು, 5 ಮೀಟರಿಗೊಂದು ಕಡೆ ಎಡ, ನಡು, ಬಲ ಮೂರು ಜಾಗದಲ್ಲಿ ದಾರದಿಂದ ತಳಕ್ಕೆ ಅಳೆದರೆ ಸಾಕು. ನೀರು ಪಕ್ಕಕ್ಕೆ ಹರಿಯಲೆಂದು ರಸ್ತೆಯ ನಡುವೆ ಕೊಡುವ ಉಬ್ಬನ್ನು ತಳಕ್ಕೂ ಅಷ್ಟೇ ಕೊಟ್ಟಿದ್ದರೆ ನಡುವೆ 30 ಮಿ.ಮೀ. ಕಡಿಮೆ, ಅಂದರೆ 120 ಮಿ.ಮೀ. ಬರುವುದು ಸಹಜ. ಅದಕ್ಕಿಂತ ಕಡಿಮೆ ಬಂದರೆ ಮಿಕ್ಸರ್ ಚಾಲೂ ಮಾಡಲು ಬಿಡಬಾರದು. ಇದಕ್ಕೆ ಎಂಜಿನಿಯರೇ ಬರಬೇಕೆಂದಿಲ್ಲ. ಟೇಪು ಹಿಡಿಯಬಲ್ಲ ಊರಿನ ಯಾವ ಹುಡುಗನೂ ಅಳೆಯಬಹುದು.

ಇನ್ನು ದಿನಗಳ ಮಾತು. ಗ್ರಾಮೀಣ ಕಾಂಕ್ರೀಟ್ ರಸ್ತೆಗೆ ಐ.ಆರ್.ಸಿ. (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಎಸ್.ಪಿ. 62 ಕೈಪಿಡಿ ಎಂ-30 ದರ್ಜೆ, ಅಂದರೆ ಚದರ ಮಿ.ಮೀ.ಗೆ 30 ನ್ಯೂಟನ್ ಒತ್ತಡ ತಡೆಯುವ ಕಾಂಕ್ರೀಟ್ ಹೇಳುತ್ತದೆ. ಆ ಬಲ ಬಂದಿದೆಯೇ ಎಂದು ಅದೇ ಕಾಂಕ್ರೀಟಿನಲ್ಲಿ ಮಾಡಿಟ್ಟ ಕ್ಯೂಬ್ ಒಡೆದು ನೋಡುವುದು 28ನೇ ದಿನ. ಮಾರ್ಚ್ 31ರಿಂದ ಹಿಂದಕ್ಕೆ ಎಣಿಸಿ: ಅಳತೆ, ಎಂ.ಬಿ. (ಅಳತೆ ಪುಸ್ತಕ) ಬರೆಯುವುದು, ಬಿಲ್ಲಿಗೆ ಹತ್ತು ದಿನ. ಅದರ ಹಿಂದೆ 28 ದಿನ. ಅಂದರೆ ಕೊನೆಯ ಬಾಂಡ್ಲಿ ಕಾಂಕ್ರೀಟ್ ಬೀಳಬೇಕಾದ್ದು ಫೆಬ್ರುವರಿ 20ಕ್ಕೆ. ಒಂದು ಮಿಕ್ಸರಿನಲ್ಲಿ 45 ಘನ ಮೀಟರ್ ಹಾಕಲು ಮೂರ್ನಾಲ್ಕು ದಿನ, ಮಣ್ಣು ತೆಗೆದು ಜಲ್ಲಿ ಹಾಸಿ ರೋಲರ್ ಹೊಡೆಯಲು ಎರಡು ವಾರ. ಜನವರಿ ಮುಗಿಯುವಷ್ಟರಲ್ಲಿ ಕೆಲಸ ಶುರುವಾಗದಿದ್ದರೆ ಆ ವರ್ಷ ಅಷ್ಟೂ ಉದ್ದದ ರಸ್ತೆ ಆಗದು ಎಂದೇ ಲೆಕ್ಕ.

ತಡವಾದಾಗ ದುಡ್ಡು ಸುರಿದು ದಿನ ಕೊಳ್ಳಬಹುದೇ? ಕೆಲವು ಕಡೆ ಕೊಳ್ಳಬಹುದು. ತಳದ ಕೆಲಸಕ್ಕೆ ಇನ್ನೊಂದು ಜೆಸಿಬಿ ತರಿಸಬಹುದು, ಎರಡು ಮಿಕ್ಸರ್ ಇಡಬಹುದು, ರೆಡಿಮಿಕ್ಸ್ ಹಾಕಿಸಬಹುದು. ಕಾಂಕ್ರೀಟ್ ಗಟ್ಟಿಯಾಗುವ ದಿನಗಳನ್ನು ಮಾತ್ರ ಆಳು ಹೆಚ್ಚಿಸಿ ಇಳಿಸಲಾಗದು. ಹಳ್ಳಿಗಳಲ್ಲಿ ಹೆಚ್ಚಾಗಿ ಸಿಗುವ ಪಿ.ಪಿ.ಸಿ. (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಮೊದಲ ದಿನಗಳಲ್ಲಿ ಬಲ ಬರುವುದು ಇನ್ನೂ ನಿಧಾನ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐ.ಎಸ್. 456 ಅಂಥ ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್ (ಒದ್ದೆಯಾಗಿಡುವುದು) ಕೇಳುತ್ತದೆ. ಬಿಸಿಲಿಗೆ ತೆರೆದ ರಸ್ತೆಗಾದರೆ 14 ದಿನ ಬೇಕು.

ಆತುರದವರ ಇನ್ನೊಂದು ಉಪಾಯ ನೀರು. ವೈಬ್ರೇಟರ್ ಹಿಡಿದು ಕೂರುವ ಬದಲು ಮಿಕ್ಸರಿಗೆ ಒಂದು ಬಕೆಟ್ ಹೆಚ್ಚಿಗೆ ಸುರಿದರೆ ಕಾಂಕ್ರೀಟ್ ತಾನೇ ಹರಿದು ಹರಡಿಕೊಳ್ಳುತ್ತದೆ, ಕೆಲಸ ಬೇಗ ಸಾಗುತ್ತದೆ. 50 ಕೆ.ಜಿ. ಚೀಲಕ್ಕೆ 22.5 ಲೀಟರ್ ಹಾಕಬೇಕಾದ ಕಡೆ 10 ಲೀಟರ್ ಹೆಚ್ಚಾದರೆ ನೀರು-ಸಿಮೆಂಟ್ ಪ್ರಮಾಣ 0.45ರಿಂದ 0.65ಕ್ಕೆ ಏರಿ, ಬಲ ಹೆಚ್ಚುಕಡಿಮೆ ಮೂರನೇ ಒಂದರಷ್ಟು ಇಳಿಯುತ್ತದೆ. ಒಳಗೆ ಅಳೆದು ಹಾಕಬೇಕಾದ ನೀರಿಗೆ ಈ ಉದಾರತನ, ಮೇಲೆ ಹಾಕಬೇಕಾದ ನೀರಿಗೆ ಜಿಪುಣತನ! 300 ಚದರ ಮೀಟರ್ ರಸ್ತೆಯ ಮೇಲೆ ಪಾತಿ ಕಟ್ಟಿ 50 ಮಿ.ಮೀ. ನೀರು ನಿಲ್ಲಿಸಲು 15,000 ಲೀಟರ್ ಬೇಕು, ಅಂದರೆ 5,000 ಲೀಟರಿನ ಮೂರು ಟ್ಯಾಂಕರ್. ಬಿಸಿಲಿಗೆ ಇಂಗಿದ್ದನ್ನು ಮತ್ತೆ ತುಂಬಿಸಬೇಕು. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಮಾರ್ಚ್‌ನಲ್ಲಿ ಇದನ್ನು ಯಾರು ಕೊಡುತ್ತಾರೆ? ನೀರಿನ ಅಭಾವವಿರುವ ಕಡೆ ಒದ್ದೆ ಗೋಣಿತಾಟು ಅಥವಾ ಭತ್ತದ ಹುಲ್ಲು ಹೊದಿಸಿ ದಿನಕ್ಕೆ ಮೂರು ನಾಲ್ಕು ಸಲ ನೆನೆಸಬೇಕು, ಇಲ್ಲವೇ ತೇವ ಆರದಂತೆ ತಡೆಯುವ ಕ್ಯೂರಿಂಗ್ ಕಾಂಪೌಂಡ್ ಸಿಂಪಡಿಸಬೇಕು. ಅದರ ಖರ್ಚನ್ನು ಗುತ್ತಿಗೆದಾರರ ದಯೆಗೆ ಬಿಡದೆ ಎಸ್ಟಿಮೇಟಿನಲ್ಲೇ ತೋರಿಸಬೇಕು.

ಬಿರುಕು ಎಲ್ಲೆಂದರಲ್ಲಿ ಬೀಳದಂತೆ ರಸ್ತೆಗೆ ಅಡ್ಡಲಾಗಿ ಜಾಯಿಂಟ್ ಕತ್ತರಿಸುವುದೂ ಹೀಗೇ ತಪ್ಪಿಹೋಗುವ ಕೆಲಸ. 3ರಿಂದ 4 ಮೀಟರಿಗೊಂದರಂತೆ, 40-50 ಮಿ.ಮೀ. ಆಳಕ್ಕೆ, ಕಾಂಕ್ರೀಟ್ ಹಾಕಿದ ದಿನವೇ ರಾತ್ರಿ ಅಥವಾ ಮರುದಿನ ಬೆಳಗ್ಗೆಯೊಳಗೆ ಕತ್ತರಿಸಬೇಕು. ಕಟಿಂಗ್ ಮಷಿನ್ ನಾಳಿದ್ದು ಬರುತ್ತದೆ ಎಂದರೆ ಅಷ್ಟರಲ್ಲಿ ರಸ್ತೆ ತನಗೆ ಬೇಕಾದಲ್ಲಿ ತಾನೇ ಬಿರುಕು ಬಿಟ್ಟುಕೊಂಡಿರುತ್ತದೆ.

ಹಾಗಾದರೆ ಏನನ್ನು ಬಿಡಬೇಕು? ಉದ್ದವನ್ನು. ಅನುದಾನವೋ ದಿನವೋ ಸಾಲದಿದ್ದರೆ 100 ಮೀಟರಿನ ಬದಲು 60 ಮೀಟರ್ ಎಂದು ಪಂಚಾಯಿತಿ ಸಭೆಯಲ್ಲೇ ಬಾಯಿಬಿಟ್ಟು ಹೇಳಿ, ಕ್ರಿಯಾ ಯೋಜನೆ ತಿದ್ದಿಸಿ, ಆದಷ್ಟಕ್ಕೆ ಮಾತ್ರ ಬಿಲ್ ಮಾಡಬೇಕು. ಅನುದಾನ ಲ್ಯಾಪ್ಸ್ ಆಗುತ್ತದೆ ಎಂಬ ಪಿಡಿಒಗಳ ಭಯ ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಲ್ಯಾಪ್ಸ್ ಆದ ದುಡ್ಡಿಗೆ ಮತ್ತೆ ಬೇಡಿಕೆ ಇಡಬಹುದು. ತೆಳು ರಸ್ತೆ ಮಾಡಿ ಖರ್ಚು ತೋರಿಸಿದ ಮೇಲೆ ಅದೇ ಬೀದಿಗೆ ಇನ್ನೊಂದು ಅನುದಾನ ಕೇಳಲು ಮುಖವಿರುವುದಿಲ್ಲ. ಉಳಿದ 40 ಮೀಟರಿಗೆ ತಳ ಮಾತ್ರ ಮಾಡಿಟ್ಟರಾಯಿತು ಎನ್ನುವವರೂ ಇದ್ದಾರೆ. ಅದು ಬೇಡ. ಕಾಂಕ್ರೀಟ್ ಇಲ್ಲದ ತಳವನ್ನು ಮಳೆಗಾಲಕ್ಕೆ ಬಿಟ್ಟರೆ ಜಲ್ಲಿಯ ನಡುವಿನ ಪುಡಿಯೆಲ್ಲ ಕೊಚ್ಚಿಹೋಗುತ್ತದೆ.

ಉದ್ದ ಉಳಿಸಿಕೊಳ್ಳಲು ಚರಂಡಿಯನ್ನು ಕೈಬಿಡುವುದಂತೂ ಎಲ್ಲಕ್ಕಿಂತ ಕೆಟ್ಟ ಉಳಿತಾಯ. ಅಂಚಿನಲ್ಲಿ ನಿಂತ ನೀರು ಹಾಸಿನ ಕೆಳಗೆ ಇಳಿದು ಮಣ್ಣು ಮೆತ್ತಗಾದರೆ 150 ಮಿ.ಮೀ. ದಪ್ಪವಿದ್ದರೂ ಅಂಚು ಮುರಿಯುತ್ತದೆ. ಹಾಗೆಯೇ ನಲ್ಲಿ ಪೈಪಿನ ಕೆಲಸ ಬಾಕಿಯಿರುವ ಬೀದಿಗೆ ಮೊದಲು ಪೈಪು, ಆಮೇಲೆ ರಸ್ತೆ. ಮನೆ ಮನೆಗೆ ನಲ್ಲಿ ಹಾಕಲು ಹೊಸ ಸಿ.ಸಿ. ರಸ್ತೆಯನ್ನೇ ಅಗೆದು ಮಣ್ಣು ಮುಚ್ಚಿ ಹೋದ ಬೀದಿಗಳಿಗೆ ಇಲ್ಲಿ ಬರವಿಲ್ಲ. ಪೈಪು ತಡವಾಗುವಂತಿದ್ದರೆ ಕಾಂಕ್ರೀಟ್ ಹಾಕುವಾಗಲೇ ಪ್ರತಿ ಮನೆಯ ಎದುರು ಅಡ್ಡಲಾಗಿ ಒಂದೊಂದು ಖಾಲಿ ಪಿವಿಸಿ ಪೈಪು ಹುಗಿದಿಟ್ಟರೆ ಕೆಲವೇ ನೂರು ರೂಪಾಯಿಗಳಲ್ಲಿ ಮುಗಿಯುವ ಕೆಲಸ.

ಈಗ ಕಾಮಗಾರಿ ಫಲಕದಲ್ಲಿ ಯೋಜನೆಯ ಹೆಸರು, ಮೊತ್ತ, ಗುತ್ತಿಗೆದಾರರ ಹೆಸರು ಇರುತ್ತವೆ. ಅದೇ ಫಲಕದಲ್ಲಿ ಇನ್ನು ಮೂರು ಸಾಲು ಬರೆಸಲು ಜಿಲ್ಲಾ ಪಂಚಾಯಿತಿಗಳು ಸೂಚಿಸಲಿ: ರಸ್ತೆಯ ದಪ್ಪ ಎಷ್ಟು, ಕ್ಯೂರಿಂಗ್ ಮುಗಿಯುವ ತಾರೀಖು ಯಾವುದು, ಟ್ರ್ಯಾಕ್ಟರ್ ಓಡಾಟ ಯಾವಾಗಿನಿಂದ.

ಇಂತಿ,
ಸಿವಿಲ್ ಎಂಜಿನಿಯರ್, ಮಂಡ್ಯ ಜಿಲ್ಲೆ