ಸ್ಪೀಡ್ ಆಮೇಲೆ ಕೇಳಿ, ರಿಪೇರಿಗೆ ಯಾರು ಬರುತ್ತಾರೆ ಅಂತ ಮೊದಲು ಕೇಳಿ

ಮಾನ್ಯ ಸಂಪಾದಕರೇ,

ಕೋಲಾರದಲ್ಲಿ ಈಗ ವಾರಕ್ಕೊಬ್ಬರಾದರೂ ಬಂದು ಬಾಗಿಲು ತಟ್ಟುತ್ತಾರೆ. ಟಿವಿ, ಇಂಟರ್ನೆಟ್, ಫೋನ್ ಮೂರೂ ಒಂದೇ ವೈರಿನಲ್ಲಿ, ಒಂದೇ ಬಿಲ್ಲಿನಲ್ಲಿ ಅಂತಾರೆ. ಗೌರಿಪೇಟೆಯ ನಮ್ಮ ಮನೆಗೂ ಬಂದಿದ್ದರು. ಒಪ್ಪಿಕೊಂಡೆವು. ಹಳೇ ಕೇಬಲ್ ತೆಗೆಸಿದೆವು, ಇಪ್ಪತ್ತು ವರ್ಷದ ಲ್ಯಾಂಡ್‌ಲೈನನ್ನೂ ಬಿಟ್ಟೆವು. ಆಮೇಲೆ ಏನಾಯ್ತು ಅನ್ನೋದು ಬೇರೆಯವರಿಗೂ ಗೊತ್ತಿರಲಿ ಅಂತ ಈ ಪತ್ರ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಾಯಲ್ಲಿ ಹೇಳಿದ್ದು ತಿಂಗಳಿಗೆ 499. ಶೇ 18 ಜಿಎಸ್‌ಟಿ ಸೇರಿ ಅದು 589 ಆಯ್ತು. ಆರು ತಿಂಗಳದ್ದು ಒಟ್ಟಿಗೇ ಕಟ್ಟಬೇಕು ಅಂದರು, ಮೂರೂವರೆ ಸಾವಿರ ದಾಟಿತು. ತೆರಿಗೆ ಸೇರಿಸಿ ಎಷ್ಟು, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಬರುತ್ತೆ, ಇವೆರಡನ್ನೂ ಬರೆಸಿಕೊಂಡೇ ದುಡ್ಡು ಕೊಡಿ.

ಟಿವಿ ವಿಷಯದಲ್ಲಿ ನಮ್ಮ ಜಿಲ್ಲೆಯವರು ಇನ್ನೊಂದು ನೋಡಿಕೊಳ್ಳಬೇಕು. ಇಲ್ಲಿ ಎಷ್ಟೋ ಮನೆಗಳಲ್ಲಿ ಸಂಜೆ ಕನ್ನಡ ಧಾರಾವಾಹಿ, ಊಟ ಆದಮೇಲೆ ತೆಲುಗು ಸಿನಿಮಾ. ಅವರು ಕೊಟ್ಟ ಪ್ಯಾಕಿನಲ್ಲಿ ತೆಲುಗು ಇರಲೇ ಇಲ್ಲ, ಬೇಕಂದರೆ ಬೇರೆ ದುಡ್ಡು. ಒಂದು ವಾರ ಮನೆಯಲ್ಲಿ ಯಾರು ಯಾವ ಚಾನೆಲ್ ನೋಡುತ್ತಾರೆ ಅಂತ ಸುಮ್ನೆ ಒಂದು ಚೀಟಿಯಲ್ಲಿ ಬರೆದಿಡಿ. ಹತ್ತು ಹನ್ನೆರಡು ದಾಟುವುದಿಲ್ಲ. 2019ರಿಂದ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು, ಪ್ಯಾಕೇ ತೊಗೊಳ್ಳಬೇಕು ಅಂತಿಲ್ಲ. ಚಂದನ ಮಾತ್ರ ಸಾಕು ಅನ್ನುವ ಮನೆಗೆ ಡಿಡಿ ಫ್ರೀ ಡಿಶ್ ಇದೆ, ಡಿಶ್ ಮತ್ತು ಬಾಕ್ಸಿಗೆ ಒಂದು ಸಲ ಕೊಟ್ಟರೆ ಆಯ್ತು, ತಿಂಗಳ ಬಾಡಿಗೆ ಇಲ್ಲ.

ಸ್ಪೀಡ್ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದು ಎಚ್‌ಡಿ ವಿಡಿಯೊಗೆ 5 ಎಂಬಿಪಿಎಸ್ ಸಾಕು, ನಾಲ್ಕು ಜನರ ಮನೆಗೆ 300 ಯಾಕೆ? ನಮ್ಮದು ಹಳೇ ಮನೆ, ಕಲ್ಲಿನ ಗೋಡೆ. ನಡುಮನೆಯಲ್ಲಿ ಓಡುವ ವೈಫೈ ಅಡುಗೆಮನೆಗೆ ಬರುವುದೇ ಇಲ್ಲ, ಅಲ್ಲಿ 300 ಕೊಟ್ಟರೂ ಅಷ್ಟೇ. ರೌಟರ್ ಎಲ್ಲಿ ಇಡುತ್ತಾರೆ ಅನ್ನೋದೇ ಮುಖ್ಯ.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಜೂನ್‌ನಲ್ಲಿ ನಮ್ಮ ಬೀದಿಯಲ್ಲಿ ಚರಂಡಿಗೆ ಅಂತ ಜೆಸಿಬಿ ಅಗೆಯಿತು, ವೈರು ಕಟ್ ಆಯ್ತು. ಒಂದೇ ವೈರು ಅಲ್ವಾ, ಟಿವಿ, ನೆಟ್, ಫೋನ್ ಮೂರೂ ಒಟ್ಟಿಗೇ ಹೋದವು. ಶ್ರೀನಿವಾಸಪುರದಿಂದ ದೊಡ್ಡಮ್ಮ ದಿನಾ ಬೆಳಿಗ್ಗೆ ಏಳಕ್ಕೆ ಅಮ್ಮನಿಗೆ ಫೋನ್ ಮಾಡುತ್ತಾರೆ. ನಾಲ್ಕು ದಿನ ಅಮ್ಮ ಏಳು ಗಂಟೆಗೆ ಆ ಫೋನಿನ ಪಕ್ಕ ಬಂದು ಕೂತು ಎದ್ದು ಹೋದರು. ಆ್ಯಪಿನಲ್ಲಿ ದೂರು ಕೊಟ್ಟೆ. ಯಾರೂ ಬರದೇನೇ 'ನಿಮ್ಮ ದೂರು ಬಗೆಹರಿದಿದೆ' ಅಂತ ಎರಡು ಸಲ ಮೆಸೇಜ್ ಬಂತು. ಕಸ್ಟಮರ್ ಕೇರ್‌ಗೆ ಮಾಡಿದರೆ ಯಾವುದೋ ಊರಿನವರು ಎತ್ತುತ್ತಿದ್ದರು, ಗೌರಿಪೇಟೆ ಯಾವ ಕಡೆ ಅಂತಲೂ ಅವರಿಗೆ ಗೊತ್ತಿಲ್ಲ.

ಐದನೇ ದಿನ ಒಬ್ಬ ಹುಡುಗ ಬಂದ. ನಮ್ಮ ಜಗಲಿ ಮೇಲೆ ಕೂತು, ವೈರಿನ ಸಿಪ್ಪೆ ಬಿಡಿಸಿ, ಕೂದಲಿನಷ್ಟು ಸಣ್ಣ ಗಾಜಿನ ಎಳೆಯನ್ನು ಒರೆಸಿ, ಟಿಫನ್ ಬಾಕ್ಸಿನಷ್ಟಿದ್ದ ಮೆಷಿನ್ನಿನಲ್ಲಿ ಎರಡು ತುದಿ ಇಟ್ಟು ಬೆಸೆದ. ಹತ್ತು ನಿಮಿಷದ ಕೆಲಸ. ಇಷ್ಟಕ್ಕೆ ಯಾಕಪ್ಪಾ ಐದು ದಿನ ಅಂದರೆ, ಇಲ್ಲಿಂದ ಟಮಕದವರೆಗೂ ನಾನೊಬ್ಬನೇ ಸಾರ್ ಅಂದ. ಅವನ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ. ಸಾವಿರಾರು ರೂಪಾಯಿ ಮುಂಗಡ ತೊಗೊಂಡು ಇಷ್ಟು ದೊಡ್ಡ ಊರಿಗೆ ಒಬ್ಬನನ್ನು ಇಟ್ಟವರ ಮೇಲೆ ಇದೆ.

ಅದಕ್ಕೇ ಹೇಳುವುದು, ಕನೆಕ್ಷನ್ ತೊಗೊಳ್ಳುವ ಮೊದಲು ಬೀದಿಯ ನಾಲ್ಕು ಮನೆಗೆ ಹೋಗಿ ಕೇಳಿ. ಕೆಟ್ಟಾಗ ಯಾರು ಬಂದರು, ಎಷ್ಟು ದಿನಕ್ಕೆ ಬಂದರು, ಅವರ ನಂಬರ್ ನಿಮ್ಮ ಹತ್ತಿರ ಇದೆಯಾ? ಸ್ಪೀಡ್ ಕಮ್ಮಿ ಇದ್ದರೂ ಪರವಾಗಿಲ್ಲ, ಕರೆದರೆ ಬರುವವರನ್ನು ಆರಿಸಿ.

ಫೋನಿನ ಬಗ್ಗೆ ಎರಡು ಮಾತು. ಮೊಬೈಲ್ ನಂಬರನ್ನು 2015ರಿಂದ ದೇಶದಲ್ಲಿ ಎಲ್ಲಿಯೇ ಆಗಲಿ ಪೋರ್ಟ್ ಮಾಡಿಸಬಹುದು, ಅಂದರೆ ಅದೇ ನಂಬರ್ ಇಟ್ಟುಕೊಂಡು ಕಂಪನಿ ಬದಲಿಸಬಹುದು, ಲ್ಯಾಂಡ್‌ಲೈನಿಗೆ ಆ ಸೌಲಭ್ಯ ಇಲ್ಲ. ನಮ್ಮ 08152 ನಂಬರ್ ಹೋಗಿದ್ದು ಹೋಗೇ ಹೋಯ್ತು, ಗ್ಯಾಸ್ ಪುಸ್ತಕದಲ್ಲಿ, ನೆಂಟರ ಡೈರಿಯಲ್ಲಿ ಎಲ್ಲಾ ಅದೇ ಇತ್ತು. ಎರಡನೆಯದು ಕರೆಂಟು. ಹಳೇ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು, ಮನೆಯಲ್ಲಿ ಹೋದರೂ ಫೋನ್ ಬಡಿಯುತ್ತಿತ್ತು. ಈ ಗಾಜಿನ ಎಳೆಯ ಫೈಬರ್ ಲೈನಿನ ಬಾಕ್ಸ್ ಕರೆಂಟ್ ಹೋದ ತಕ್ಷಣ ಆರುತ್ತದೆ. ವಯಸ್ಸಾದವರು ಇರುವ ಮನೆಯಲ್ಲಿ ಆ ಬಾಕ್ಸಿಗೂ ರೌಟರ್‌ಗೂ ಒಂದು ಚಿಕ್ಕ ಯುಪಿಎಸ್ ಇರಲೇಬೇಕು.

ದೂರು ಕೊಟ್ಟಾಗ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ನೆಟ್, ಫೋನಿನ ದೂರು ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ಶುಲ್ಕ ಇಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ. ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೂ ಮಾತಾಡಬಹುದು.

ನಾವು ಈಗ ಟಿವಿಗೆ ಬೀದಿಯ ಕೇಬಲ್‌ನವರನ್ನೇ ಮತ್ತೆ ಕರೆಸಿದ್ದೇವೆ. ನೆಟ್ ಬೇರೆಯವರದ್ದು. ಅಮ್ಮನಿಗೆ ಬಟನ್ ಮೊಬೈಲ್ ಕೊಡಿಸಿ, ದೊಡ್ಡಮ್ಮನ ಡೈರಿಯಲ್ಲಿ ಹೊಸ ನಂಬರ್ ನಾನೇ ಹೋಗಿ ಬರೆದು ಬಂದೆ.

– ಒಬ್ಬ ಓದುಗ, ಗೌರಿಪೇಟೆ, ಕೋಲಾರ