ಆ ಮಾಸಿನ ಮಾತ್ರೆ ಬೇಡ ಪುಟ್ಟಿ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಆ ಮಾತು ಹೇಳಿದಾಗ ನಾನು ಸುಮ್ಮನಾಗಿಬಿಟ್ಟೆ. ಅಮ್ಮನಿಗೆ ಕೋಪ ಬಂತು ಅಂದುಕೊಂಡೆಯೇನೋ. ಕೋಪ ಅಲ್ಲ ಕಂದ. ಹೆರಿಗೆ ಆದಮೇಲೆ ಬೀಳುವ ಮಾಸನ್ನು, ಅದೇ ಪ್ಲಾಸೆಂಟಾವನ್ನು, ಆ ಕಂಪನಿಯವರು ತಗೊಂಡು ಹೋಗುತ್ತಾರೆ, ಬೇಯಿಸಿ ಒಣಗಿಸಿ ಪುಡಿ ಮಾಡಿ ಮಾತ್ರೆ ಮಾಡಿಕೊಡುತ್ತಾರೆ, ಅದನ್ನು ನುಂಗಿದರೆ ಹಾಲು ಜಾಸ್ತಿ ಆಗುತ್ತೆ, ಮೈಯಲ್ಲಿ ರಕ್ತ ಹೆಚ್ಚುತ್ತೆ, ಮನಸ್ಸು ಕುಗ್ಗಲ್ಲ ಅಂತ ಒಂದೇ ಉಸಿರಿನಲ್ಲಿ ಹೇಳಿದೆ. ಮೂವತ್ತು ವರ್ಷ ಎಎನ್ಎಂ, ಅಂದರೆ ಹಳ್ಳಿಗಳಲ್ಲಿ ಹೆರಿಗೆ ನೋಡುವ ಸರ್ಕಾರಿ ಸಿಸ್ಟರ್, ಕೆಲಸ ಮಾಡಿದವಳು ನಾನು. ಈ ಕೈಯಲ್ಲಿ ಎಷ್ಟು ಮಾಸು ಹಿಡಿದಿದ್ದೇನೋ ಲೆಕ್ಕ ಇಲ್ಲ. ಆದರೂ ತಕ್ಷಣ ಏನು ಹೇಳಬೇಕೋ ತೋಚಲಿಲ್ಲ. ರಾತ್ರಿ ನಿನ್ನ ತಮ್ಮನನ್ನು ಕೂರಿಸಿಕೊಂಡು ಇದರ ಬಗ್ಗೆ ಇರುವುದನ್ನೆಲ್ಲ ಓದಿಸಿದೆ. ಬೇಡ ಪುಟ್ಟಿ. ಯಾಕೆ ಅಂತ ಹೇಳುತ್ತೇನೆ, ಪೂರ್ತಿ ಓದು.

ಹಸು ತಿನ್ನುತ್ತಲ್ಲಮ್ಮಾ ಅಂದೆ. ಹೌದು, ತಿನ್ನಲು ನೋಡುತ್ತೆ. ನಾಯಿ, ಬೆಕ್ಕು, ಕೋತಿ, ಹೆಚ್ಚಿನ ಪ್ರಾಣಿಗಳೆಲ್ಲ ತಿನ್ನುತ್ತವೆ. ಒಂಟೆ ತಿನ್ನಲ್ಲ, ತಿಮಿಂಗಿಲ ತಿನ್ನಲ್ಲ, ಮನುಷ್ಯರಲ್ಲೂ ಆ ರೂಢಿ ಇಲ್ಲ. 179 ಜನಾಂಗಗಳ ಪದ್ಧತಿಗಳನ್ನು ಹುಡುಕಿ ನೋಡಿದ್ದಾರಂತೆ, ತಾಯಿ ತನ್ನ ಮಾಸನ್ನು ತಾನೇ ತಿನ್ನುವ ಗಟ್ಟಿಯಾದ ಸಂಪ್ರದಾಯ ಒಂದು ಕಡೆಯೂ ಸಿಕ್ಕಿಲ್ಲ. ಹಳೇ ಕಾಲದಿಂದ ಬಂದದ್ದು ಅಂತ ನಿನ್ನ ಸ್ನೇಹಿತೆ ಹೇಳಿದ್ದು ಸರಿಯಲ್ಲ. ಇನ್ನು ನಮ್ಮ ಮನೆ ಹಸು ಕರು ಹಾಕಿದರೆ ನಿಮ್ಮಪ್ಪ ಏನು ಮಾಡುತ್ತಾರೆ, ನೀನೇ ನೋಡಿದ್ದೀಯ. ಕಸ, ಅಂದರೆ ಹಸುವಿನ ಮಾಸು, ಬೀಳುವವರೆಗೂ ಕೊಟ್ಟಿಗೆ ಬಿಟ್ಟು ಏಳಲ್ಲ, ಹಸು ಅದಕ್ಕೆ ಬಾಯಿ ಹಾಕಬಾರದು ಅಂತ. ಆಮೇಲೆ ಹುಲ್ಲಿನಲ್ಲಿ ಸುತ್ತಿ ಕೆರೆ ಏರಿ ಮೇಲಿನ ಆಲದ ಮರಕ್ಕೆ ಕಟ್ಟಿ ಬರುತ್ತಾರೆ. ಆಲ ಹಾಲು ಸುರಿಸುವ ಮರ, ಅಲ್ಲಿ ಕಟ್ಟಿದರೆ ಹಸುವಿಗೂ ಹಾಲು ತುಂಬುತ್ತೆ ಅನ್ನುವ ನಂಬಿಕೆ.

ಆ ನಂಬಿಕೆ ಬಿಡು. ಆದರೆ ಹಾಲಿಗೂ ಮಾಸಿಗೂ ನಿಜವಾದ ನಂಟು ಒಂದಿದೆ, ಅದನ್ನು ತಿಳಿದುಕೋ. ಬಸುರಿನಲ್ಲಿ ನಿನ್ನ ಎದೆ ಹಾಲಿಗೆ ತಯಾರಾಗಿಯೇ ಇರುತ್ತೆ. ಅದು ಇಳಿಯದ ಹಾಗೆ ತಡೆದು ನಿಲ್ಲಿಸುವುದು ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು. ಅದನ್ನು ಮಾಡುವುದು ಈ ಮಾಸೇ. ಮಾಸು ಹೊರಗೆ ಬಿದ್ದ ಮೇಲೆ ಆ ಹಾರ್ಮೋನು ಸರ್ರಂತ ಇಳಿಯುತ್ತೆ, ಅದಾಗಿ ಎರಡು ಮೂರು ದಿನಕ್ಕೆ ಎದೆ ತುಂಬುತ್ತೆ. ಹಾಲು ಬರಬೇಕಾದರೆ ಮಾಸು ಮೈಯಿಂದ ಹೋಗಬೇಕು. ಒಂದು ಚೂರು ಒಳಗೆ ಉಳಿದರೂ ಹಾಲು ತಡವಾಗುತ್ತೆ, ರಕ್ತ ನಿಲ್ಲಲ್ಲ. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರಲ್ಲ, ಅವರ ಹಾಗೇ ತಿಪಟೂರು ಕಡೆಯ ಹಳ್ಳಿಗಳಲ್ಲೂ ಕೈಗುಣದ ಅಜ್ಜಿಯರಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಥ ಒಬ್ಬ ಅಜ್ಜಿ ಮಾಸನ್ನು ತಟ್ಟೆಯಲ್ಲಿ ಹರಡಿ, ದೀಪ ಹತ್ತಿರ ಹಿಡಿದು, "ನೋಡು ಸಿಸ್ಟ್ರಮ್ಮ, ಎಲ್ಲಾ ಬಂದೈತಾ, ಎಲ್ಲಾದರೂ ಹರಿದೈತಾ" ಅಂತ ತೋರಿಸಿದ್ದರು. ಟ್ರೈನಿಂಗಿನಲ್ಲಿ ಕಲಿತದ್ದು ಅವತ್ತು ನನ್ನ ಕೈಗೆ ಬಂತು. ಪೂರ್ತಿ ಬಂದಿದೆ ಅಂತ ಖಾತ್ರಿ ಆದಮೇಲೇ ಅರಿಶಿನ ಕುಂಕುಮ ಇಟ್ಟು, ಮಡಕೆಯಲ್ಲಿ ಹಾಕಿ, ಹಿತ್ತಲಲ್ಲಿ ಆಳವಾಗಿ ಹೂತು, ನಾಯಿ ಕೆದಕದ ಹಾಗೆ ಮೇಲೆ ಕಲ್ಲು ಮುಳ್ಳು ಇಡುತ್ತಿದ್ದರು. ನಿನ್ನದನ್ನೂ ನಿಮ್ಮಜ್ಜಿ ಹಾಗೇ ಹೂತರು, ಬಚ್ಚಲ ಹಿಂದಿನ ತೆಂಗಿನ ಬುಡದಲ್ಲಿ.

ರಕ್ತದ ವಿಷಯ. ನಿನಗೆ ಹಿಮೋಗ್ಲೋಬಿನ್ ಕಡಿಮೆ ಇದೆ ಅಂದಾಗಿನಿಂದ ನನಗೂ ಚಿಂತೆ. ಆದರೆ ಆ ಮಾತ್ರೆಯಲ್ಲಿ ಕಬ್ಬಿಣ ಎಷ್ಟಿದೆ ಗೊತ್ತಾ? ದಿನಕ್ಕೆ ನುಂಗುವಷ್ಟನ್ನೂ ಸೇರಿಸಿದರೆ 2 ಮಿಲಿಗ್ರಾಂ ಚಿಲ್ಲರೆ. ನಾನು ಮನೆ ಮನೆಗೆ ಹೋಗಿ ಹಂಚುತ್ತಿದ್ದ ಸರ್ಕಾರಿ ಕಬ್ಬಿಣದ ಮಾತ್ರೆ ಮೊದಲು 100 ಮಿಲಿಗ್ರಾಮಿನದು, ಈಗ 60ರದು, ಹೆರಿಗೆ ಆದಮೇಲೆ 180 ದಿನ ಕೊಡುತ್ತಾರೆ. ಲಾಸ್ ವೇಗಸ್‌ನ ನೆವಾಡಾ ವಿಶ್ವವಿದ್ಯಾಲಯದವರು 23 ಬಾಣಂತಿಯರಲ್ಲಿ ಕೆಲವರಿಗೆ ಮಾಸಿನ ಮಾತ್ರೆ, ಉಳಿದವರಿಗೆ ಬೇರೆ ಮಾಂಸದ ಪುಡಿ ಕೊಟ್ಟು, ಯಾರಿಗೆ ಯಾವುದು ಅಂತ ಹೇಳದೆ ಪರೀಕ್ಷೆ ಮಾಡಿದ್ದಾರೆ. ಕಬ್ಬಿಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮನಸ್ಸಿನ ವಿಷಯದಲ್ಲೂ ಹೇಳಿಕೊಳ್ಳುವಂಥದ್ದು ಕಾಣಲಿಲ್ಲ.

ಇನ್ನು ನಾನು ಹೆದರಿದ ವಿಷಯ. ನೀನಿರುವ ಒರೆಗಾನ್‌ನಲ್ಲೇ 2016ರಲ್ಲಿ ಒಂದು ಮಗು ಹುಟ್ಟುತ್ತಿದ್ದ ಹಾಗೇ ಉಸಿರಾಟದ ತೊಂದರೆ ಆಗಿ, ರಕ್ತದಲ್ಲಿ ಜಿಬಿಎಸ್ ಅನ್ನುವ ರೋಗಾಣು ಸಿಕ್ಕಿ, 11 ದಿನ ಆಂಟಿಬಯೋಟಿಕ್ ಕೊಟ್ಟು ಮನೆಗೆ ಕಳಿಸಿದರು. ಐದೇ ದಿನಕ್ಕೆ ಮತ್ತೆ ಆಸ್ಪತ್ರೆ. ಅದೇ ರೋಗಾಣು. ತಾಯಿಯ ಎದೆಹಾಲು ಪರೀಕ್ಷೆ ಮಾಡಿದರೆ ಅದರಲ್ಲಿ ಇರಲಿಲ್ಲ. ಆಮೇಲೆ ಗೊತ್ತಾಯಿತು, ಆ ತಾಯಿ ಮೂರನೇ ದಿನದಿಂದ ಮಾಸಿನ ಮಾತ್ರೆ ನುಂಗುತ್ತಿದ್ದಳು, ಹೊತ್ತಿಗೆ ಎರಡರಂತೆ ದಿನಕ್ಕೆ ಮೂರು ಹೊತ್ತು. ಮಾತ್ರೆಯನ್ನು ಪರೀಕ್ಷೆ ಮಾಡಿದರೆ ಅದರೊಳಗೆ ಆ ರೋಗಾಣು ಇತ್ತು. ಮನೆಯ ಬೇರೆ ಯಾರಿಂದಲೂ ಬಂದಿಲ್ಲ ಅಂತ ಖಡಾಖಂಡಿತವಾಗಿ ಹೇಳಲು ಆಗಲ್ಲ ಅಂತ ಆ ವರದಿಯಲ್ಲೇ ಬರೆದಿದ್ದಾರೆ. ಆದರೂ ರೋಗ ತಡೆಯುವ ಕೆಲಸ ನೋಡುವ ಅಮೆರಿಕಾದ ಸರ್ಕಾರಿ ಸಂಸ್ಥೆ ಸಿಡಿಸಿ 2017ರಲ್ಲಿ ಈ ಮಾತ್ರೆ ಬೇಡ ಅಂತ ಹೇಳಿತು. ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು ಒಣಗಿಸಬೇಕು ಅನ್ನುವುದಕ್ಕೆ ಅಲ್ಲಿ ಒಂದು ಕಟ್ಟಳೆಯೇ ಇರಲಿಲ್ಲ. ನಿನ್ನಿಂದ ಮುಚ್ಚಿಡಬಾರದು, ಇನ್ನೊಂದೂ ಇದೆ. 2018ರಲ್ಲಿ ಸುಮಾರು 23,000 ಹೆರಿಗೆಗಳ ದಾಖಲೆ ನೋಡಿದಾಗ ಮಾಸು ತಿಂದ ತಾಯಂದಿರ ಮಕ್ಕಳಿಗೆ ಕಾಯಿಲೆ ಜಾಸ್ತಿ ಅಂತ ಕಂಡಿಲ್ಲ. ಅಪಾಯ ಅಪರೂಪವೇ ಇರಬಹುದು. ಆದರೆ ಲಾಭ ಒಂದೂ ಕಾಣದ ವಸ್ತುವಿಗೆ ಇಷ್ಟು ಅಪಾಯವಾದರೂ ಯಾಕೆ ಕಂದ?

ನೀನು ಕೊನೆಗೆ ಮೆತ್ತಗೆ ಕೇಳಿದೆಯಲ್ಲ, "ನಿನಗೆ ಆದ ಹಾಗೆ ನನಗೂ ಆದರೆ?" ಅಂತ. ಅದಕ್ಕೇ ಅಲ್ವಾ ನೀನು ಈ ಮಾತ್ರೆ ಹುಡುಕಿದ್ದು. ನಿಮ್ಮಜ್ಜಿ ನಿನಗೆ ಅರ್ಧ ಹೇಳಿದ್ದಾರೆ, ಉಳಿದದ್ದು ನಾನು ಹೇಳುತ್ತೇನೆ. ನೀನು ಹುಟ್ಟಿದ ಎರಡನೇ ವಾರದಿಂದ ನನಗೆ ಅಳು ನಿಲ್ಲುತ್ತಿರಲಿಲ್ಲ. ನೀನು ಅಳುತ್ತಿದ್ದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ಎತ್ತಿಕೊಳ್ಳಲು ಕೈಯೇ ಬರುತ್ತಿರಲಿಲ್ಲ. ತೋರಿಸಿದ ಡಾಕ್ಟರು, ಎಲ್ಲ ಬಾಣಂತಿಯರಿಗೂ ಇದ್ದದ್ದೇ, ಚೆನ್ನಾಗಿ ತಿನ್ನಮ್ಮ ಅಂತ ಕಳಿಸಿದರು. ಸಿಸ್ಟರ್ ಆಗಿದ್ದ ನನಗೂ ಅದು ಕಾಯಿಲೆ ಅಂತ ಗೊತ್ತಿರಲಿಲ್ಲ. ಐದು ತಿಂಗಳು ಹಾಗೇ ಹೋಯಿತು. ಅವತ್ತು ಯಾರಾದರೂ ಬಂದು ಮಾಸು ತಿಂದರೆ ಸರಿಹೋಗುತ್ತೆ ಅಂದಿದ್ದರೆ ನಾನೂ ತಿಂದುಬಿಡುತ್ತಿದ್ದೆ. ಅದಕ್ಕೇ ನಿನ್ನ ಮೇಲೆ ಕೋಪ ಬರಲ್ಲ. ನನ್ನ ಭಯ ಏನು ಅಂದರೆ, ಈ ಮಾತ್ರೆ ನುಂಗುತ್ತಿದ್ದೇನಲ್ಲ, ಸರಿಹೋಗುತ್ತೆ ಅಂತ ನೀನು ಕಾಯುತ್ತಾ ಕೂರುತ್ತೀಯ. ಕಾಯಬೇಡ. ಎರಡು ವಾರ ದಾಟಿದ ಮೇಲೂ ಅಳು ಬರುತ್ತಿದ್ದರೆ, ಮಗು ಮಲಗಿದರೂ ನಿನಗೆ ನಿದ್ದೆ ಬಾರದಿದ್ದರೆ, ಡಾಕ್ಟರಿಗೆ ಹೇಳು. ನಿನಗೋ ಮಗುವಿಗೋ ಏನಾದರೂ ಮಾಡಿಬಿಡಬೇಕು ಅನ್ನುವ ಯೋಚನೆ ಬಂದರೆ ಎರಡು ವಾರ ಅಲ್ಲ, ಒಂದು ಗಂಟೆಯೂ ಕಾಯಬೇಡ. ಅಲ್ಲಿ ತಾಯಂದಿರಿಗೆ ಅಂತಲೇ ಸರ್ಕಾರದ ಫೋನ್ ಇದೆ, 1-833-852-6262, ಹಗಲು ರಾತ್ರಿ ಎತ್ತುತ್ತಾರೆ. ಇದಕ್ಕೆ ಅಂತಲೇ ಪರೀಕ್ಷೆ ಮಾಡಿದ 14 ದಿನದ ಮಾತ್ರೆಗೂ 2023ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿದೆ. ಈ ನಂಬರು ಅಳಿಯಂದಿರ ಫೋನಿನಲ್ಲೂ ಇರಲಿ.

36-37ನೇ ವಾರಕ್ಕೆ ಜಿಬಿಎಸ್ ಪರೀಕ್ಷೆ ಮಾಡುತ್ತಾರೆ, ತಪ್ಪಿಸಬೇಡ, ಏನು ಬಂತು ಅಂತ ನನಗೆ ಹೇಳು. ಮಾಸನ್ನು ಕಸಕ್ಕೆ ಹಾಕಲು ಮನಸ್ಸಿಲ್ಲ ಅಂದೆ, ನನಗೂ ಇಲ್ಲ. ಒರೆಗಾನ್‌ನಲ್ಲಿ ಮನೆಗೆ ತಗೊಂಡು ಹೋಗಲು ಕಾನೂನು ಬಿಡುತ್ತೆ. ಡಾಕ್ಟರು ಸರಿ ಅಂದರೆ ತನ್ನಿ, ನಿಮ್ಮ ಹಿತ್ತಲಿನ ಸೇಬಿನ ಗಿಡದ ಬುಡದಲ್ಲಿ ಆಳವಾಗಿ ಹೂಳೋಣ. ಅರಿಶಿನ ಕುಂಕುಮ ನಾನು ತರುತ್ತೇನೆ.

ತಿಪಟೂರಿನಿಂದ ಕೊಬ್ಬರಿ ಬಂದಿದೆ, ಅಂಟಿನುಂಡೆ ಹೊರಡುವ ಹಿಂದಿನ ದಿನ ಕಟ್ಟುತ್ತೇನೆ. ಒಣಗಿಸಿದ ನುಗ್ಗೆಸೊಪ್ಪು, ಮೆಂತ್ಯ, ಸಾರಿನ ಪುಡಿ ಕಟ್ಟಿಟ್ಟಿದ್ದೇನೆ. ಸಬ್ಬಸಿಗೆ ಅಲ್ಲೇ ಸಿಗುತ್ತೆ ಅಂದೆಯಲ್ಲ, ಬೆಳ್ಳುಳ್ಳಿ ಜಾಸ್ತಿ ತಂದಿಟ್ಟುಕೋ. ರಾಗಿ ಹಿಟ್ಟು ಐದು ಕೆಜಿ ಸಾಕಾ, ಇನ್ನೂ ಬೇಕಾ? ಬೇಗ ಹೇಳು, ಗುರುವಾರ ಮಿಲ್ಲಿಗೆ ಹಾಕಿಸಬೇಕು.

ನಿನ್ನ ಅಮ್ಮ